ಕಟಕಟೆಯಲ್ಲಿ ನಿಲ್ಲುವ ಮುನ್ನ
(ಕಾನೂನು ಜಾಗೃತಿ ಸಭೆಯೊಂದರಲ್ಲಿ ಮಾಡಿದ ಭಾಷಣ)



ಸೊಸೆ ಠಾಣೆಯಲ್ಲಿ ದೂರು ಕೊಟ್ಟಿದ್ದಾಳೆ ಎಂಬ ಸುದ್ದಿ ಬಂದೊಡನೆ ನಮ್ಮ ಮನೆಗಳಲ್ಲಿ ಏನಾಗುತ್ತದೆ? ಮಗ ಊರು ಬಿಡುತ್ತಾನೆ. ತಂದೆ ಪ್ರಭಾವಿಗಳ ಮನೆಬಾಗಿಲು ತಟ್ಟುತ್ತಾರೆ. ತಾಯಿ ಸೊಸೆಯ ನಡತೆಯ ಕುರಿತು ನೆರೆಹೊರೆಯಲ್ಲಿ ಕಥೆ ಹೇಳತೊಡಗುತ್ತಾರೆ. ಈ ಮೂರೂ ಸೇರಿ ಮಗನ ಪ್ರತಿವಾದವನ್ನು ಮೊದಲ ದಿನವೇ ದುರ್ಬಲಗೊಳಿಸುತ್ತವೆ.

ಮೊದಲು ಕಾನೂನನ್ನು ತಿಳಿಯೋಣ. 1983ರಲ್ಲಿ ದಂಡಸಂಹಿತೆಗೆ ಸೇರಿದ 498ಎ ಕಲಂ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂಗಳಾಗಿ ಮುಂದುವರಿದಿದೆ. ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ಇದರ ಶಿಕ್ಷೆ. ಸಾಮಾನ್ಯ ಜಗಳವನ್ನು ಕಾನೂನು ಕ್ರೌರ್ಯವೆನ್ನುವುದಿಲ್ಲ. ಆತ್ಮಹತ್ಯೆಗೆ ದೂಡುವಂಥ ಅಥವಾ ದೇಹಕ್ಕೋ ಮನಸ್ಸಿಗೋ ಗಂಭೀರ ಹಾನಿ ತರುವಂಥ ಉದ್ದೇಶಪೂರ್ವಕ ವರ್ತನೆ ಮತ್ತು ಹಣ, ಆಸ್ತಿಗಾಗಿ ನೀಡುವ ಕಿರುಕುಳ ಅದರ ವ್ಯಾಪ್ತಿಗೆ ಬರುತ್ತವೆ. ಹೊಡೆದ ಆರೋಪವಿದ್ದರೆ ಗಾಯಗೊಳಿಸಿದ ಕಲಂ ಬೇರೆಯಾಗಿ ಸೇರುತ್ತದೆ.

ದೂರು ದಾಖಲಾದ ಮಾತ್ರಕ್ಕೆ ಬಂಧನ ಅನಿವಾರ್ಯವೇ? ಅಲ್ಲ. 2014ರ ಅರ್ನೇಶ್ ಕುಮಾರ್ ಪ್ರಕರಣದಲ್ಲಿ, ಕಾರಣ ದಾಖಲಿಸದೆ ಯಾಂತ್ರಿಕವಾಗಿ ಬಂಧಿಸಬಾರದೆಂದು ಸುಪ್ರೀಂ ಕೋರ್ಟ್ ಪೊಲೀಸರಿಗೆ ಸೂಚಿಸಿತು. ಹಾಜರಾಗುವಂತೆ ನೋಟಿಸು ಬಂದರೆ ವಕೀಲರ ಸಲಹೆ ಪಡೆದು ನಿಗದಿತ ದಿನ ಹಾಜರಾಗಬೇಕು. ತಲೆಮರೆಸಿಕೊಂಡರೆ ಬಂಧನಕ್ಕೆ ನಾವೇ ಕಾರಣ ಒದಗಿಸಿದಂತೆ. ಬಂಧನದ ಭಯವಿದ್ದರೆ ನಿರೀಕ್ಷಣಾ ಜಾಮೀನಿಗೆ ಅರ್ಜಿ ಹಾಕಬಹುದು. ವಕೀಲರನ್ನು ನೇಮಿಸಿಕೊಳ್ಳಲಾಗದ ಬಡವರಿಗೆ ಮತ್ತು ಬಂಧನದಲ್ಲಿರುವವರಿಗೆ ಕಾನೂನು ಸೇವಾ ಪ್ರಾಧಿಕಾರ ಉಚಿತ ನೆರವು ನೀಡುತ್ತದೆ.

ಜಾಮೀನು ಸಿಕ್ಕಿತೆಂದು ಪ್ರಕರಣ ಮುಗಿಯಲಿಲ್ಲ. ಸಾಕ್ಷಿಗಳನ್ನು ಬೆದರಿಸಬಾರದೆಂಬುದು ಅದರ ಷರತ್ತು. ತವರುಮನೆಗೆ ಹಿರಿಯರನ್ನು ಕಳುಹಿಸಿ 'ದೂರು ಹಿಂತೆಗೆಯಿರಿ' ಎಂದು ಒತ್ತಾಯಿಸಿದರೆ ಜಾಮೀನೇ ರದ್ದಾಗಬಹುದು. ಎರಡು ಮನೆಯವರು ಛಾಪಾ ಕಾಗದದಲ್ಲಿ ಸಹಿ ಹಾಕಿದೊಡನೆ ಈ ಪ್ರಕರಣ ಕೊನೆಗೊಳ್ಳುವುದೂ ಇಲ್ಲ. ಸ್ವಇಚ್ಛೆಯ ನಿಜವಾದ ರಾಜಿಯಾಗಿದ್ದರೆ ಹೈಕೋರ್ಟು ಪ್ರಕರಣವನ್ನು ರದ್ದುಗೊಳಿಸಬಹುದೆಂದು 2003ರ ಬಿ.ಎಸ್. ಜೋಷಿ ತೀರ್ಪು ಹೇಳಿದೆ.

ವಿಚಾರಣೆಯಲ್ಲಿ ಆರೋಪವನ್ನು ರುಜುವಾತುಪಡಿಸುವ ಹೊಣೆ ಪ್ರಾಸಿಕ್ಯೂಷನ್‌ನದು. ಘಟನೆಯ ದಿನ, ಸ್ಥಳ, ಗಾಯದ ಪ್ರಮಾಣಪತ್ರ, ಸಾಕ್ಷಿಗಳ ಹೇಳಿಕೆ ಒಂದಕ್ಕೊಂದು ಹೊಂದುತ್ತವೆಯೇ ಎಂದು ಪಾಟಿಸವಾಲಿನಲ್ಲಿ ಪರಿಶೀಲಿಸಲಾಗುತ್ತದೆ. ಸಮಂಜಸ ಸಂಶಯ ಉಳಿದರೆ ಅದರ ಲಾಭ ಆರೋಪಿಗೆ. ಆ ದಿನ ಬೇರೆ ಊರಲ್ಲಿದ್ದ ಟಿಕೆಟು, ಹಾಜರಿ ಪುಸ್ತಕ, ಬ್ಯಾಂಕ್ ದಾಖಲೆ, ಸಂದೇಶಗಳಿರುವ ಮೊಬೈಲು, ಇವನ್ನು ಜೋಪಾನವಾಗಿಡಬೇಕು. ಒಂದನ್ನೂ ಅಳಿಸಬಾರದು, ತಿದ್ದಬಾರದು.

ಬೇರೆ ಊರಲ್ಲಿರುವ ನಾದಿನಿ, ಮೈದುನರ ಹೆಸರೂ ದೂರಿನಲ್ಲಿ ಸೇರುವುದುಂಟು. ನಿರ್ದಿಷ್ಟ ಕೃತ್ಯ ಹೇಳದ ಸಾಮಾನ್ಯ ಆರೋಪಗಳ ಮೇಲೆ ಗಂಡನ ಬಂಧುಗಳನ್ನು ವಿಚಾರಣೆಗೆ ಎಳೆಯಲಾಗದೆಂದು 2022ರ ಕಹಕಶಾನ್ ಕೌಸರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಿರಪರಾಧಿಗೆ ಇದು ದೊಡ್ಡ ಆಸರೆ.

ಸಹೋದರರೇ, ಈಗ ಕಹಿಯಾದ ಪ್ರಶ್ನೆಯೊಂದನ್ನು ಕೇಳಲೇಬೇಕಾಗಿದೆ. ಮಗ ನಿಜವಾಗಿಯೂ ಹೊಡೆದಿದ್ದರೆ? ಆಗಲೂ ಅವನಿಗೆ ವಕೀಲರನ್ನು ಪಡೆಯುವ, ನ್ಯಾಯಯುತ ವಿಚಾರಣೆ ಕೇಳುವ ಹಕ್ಕಿದೆ. ಆದರೆ ಸುಳ್ಳು ಸಾಕ್ಷಿ ನಿಲ್ಲಿಸುವ ಹಕ್ಕು ಯಾರಿಗೂ ಇಲ್ಲ. ವಕೀಲರಿಗೆ ಗೌಪ್ಯವಾಗಿ ಹೇಳಿದ ಮಾತಿಗೆ ಕಾನೂನಿನ ರಕ್ಷಣೆಯಿದೆ. ಅವರ ಮುಂದೆಯಾದರೂ ಸತ್ಯ ಹೇಳಲಿ. ಸೊಸೆಯ ಶೀಲದ ಮೇಲೆ ಕೆಸರೆರಚಿ ಗೆಲ್ಲಬಹುದೆಂಬ ಭ್ರಮೆ ಬೇಡ. ನಾಳೆ ನಮ್ಮದೇ ಮಗಳು ಸಾಕ್ಷಿಕಟ್ಟೆ ಹತ್ತಿದಾಗ ಅದೇ ಪ್ರಶ್ನೆಗಳನ್ನು ಅವಳಿಗೆ ಕೇಳಿದರೆ ನಾವು ಸಹಿಸುತ್ತೇವೆಯೇ?

ಸಂಶಯದ ಲಾಭದಿಂದ ಖುಲಾಸೆಯಾದ ಮಗನನ್ನು ಹೂಹಾರ ಹಾಕಿ ಕರೆತರುವ ತಂದೆಯಂದಿರಿದ್ದಾರೆ. ನಡೆದುದೇನೆಂದು ಆ ಮನೆಯ ಗೋಡೆಗಳಿಗೆ ಗೊತ್ತು. ನ್ಯಾಯಾಲಯ ಸಾಕ್ಷ್ಯವನ್ನಷ್ಟೇ ತೂಗಬಲ್ಲದು. ಉಳಿದುದನ್ನು ತೂಗುವ ಹೊಣೆ ಹೆತ್ತವರದು. ಸುಳ್ಳು ಆರೋಪದ ಮುಂದೆ ಧೈರ್ಯದಿಂದ ನಿಲ್ಲೋಣ. ಆರೋಪ ನಿಜವಾಗಿದ್ದರೆ, ಕೈ ಎತ್ತಿದ ಮಗನನ್ನು ಮೊದಲು ಮನೆಯೊಳಗೇ ವಿಚಾರಣೆಗೆ ನಿಲ್ಲಿಸೋಣ.