ಇಂಗ್ಲಿಷ್ ಬಾಯಿಗೆ ಬರಬೇಕಾದ್ರೆ ನಿಮ್ಮೂರ ಕಥೆ ಹೇಳಿ



ಹೈದರಾಬಾದಿನ ಅಮೀರ್‌ಪೇಟೆ ಹೆಸರು ಕೇಳಿರ್ತೀರಿ. ಎಲ್ಲಿ ನೋಡಿದ್ರೂ ಜಾವಾ, ಪೈಥಾನ್, ಸ್ಪೋಕನ್ ಇಂಗ್ಲಿಷ್ ಕೋಚಿಂಗ್ ಬೋರ್ಡುಗಳು. ರಾಯಚೂರು, ಬೀದರ್, ಕಲಬುರಗಿಯ ನಮ್ಮ ಹುಡುಗರೂ ಅಲ್ಲಿಗೆ ಬರ್ತಾರೆ. ಕೋಡ್ ಚೆನ್ನಾಗಿ ಬರೀತಾರೆ. ಆದ್ರೆ ಇಂಟರ್‌ವ್ಯೂನಲ್ಲಿ "ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್" ಅಂದ ಕೂಡಲೇ ಬಾಯಿ ಕಟ್ಟುತ್ತೆ. ಕೆಲಸ ಕೈತಪ್ಪೋದು ಅಲ್ಲೇ.

ಇವರಿಗೆ ವ್ಯಾಕರಣ ಗೊತ್ತಿಲ್ಲ ಅಂತಲ್ಲ, ಮಾತಾಡಿ ಅಭ್ಯಾಸ ಇಲ್ಲ. ಲೆಕ್ಕ ಹಾಕಿ: 60 ಜನರ ಕ್ಲಾಸು, 1 ಗಂಟೆ ಪಾಠ. ಮೇಷ್ಟ್ರು ಸುಮ್ನೆ ಕೂತ್ರೂ ಒಬ್ಬರಿಗೆ ಸಿಗೋದು 1 ನಿಮಿಷ!

ಇದಕ್ಕೆ ಡಿಜಿಟಲ್ ಸ್ಟೋರಿಟೆಲ್ಲಿಂಗ್ ಸಹಾಯ ಮಾಡುತ್ತೆ. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡೇನಾ ಆಚ್ಲಿ, ಜೋ ಲ್ಯಾಂಬರ್ಟ್ ಮುಂತಾದವರು ಬೆಳೆಸಿದ ಪದ್ಧತಿ ಇದು. ನಿಮ್ಮದೇ ಕಥೆ, ನಿಮ್ಮದೇ ದನಿ, ಒಂದಷ್ಟು ಫೋಟೊ. ಎರಡು-ಮೂರು ನಿಮಿಷದ ವಿಡಿಯೊ, ಅಷ್ಟೇ. ಅವರ ಉದ್ದೇಶ ಇಂಗ್ಲಿಷ್ ಕಲಿಸೋದಾಗಿರಲಿಲ್ಲ. ಆದ್ರೆ ಭಾಷೆ ಕಲಿಸೋರಿಗೂ ಅದು ಒದಗಿ ಬಂತು.

ಹೇಗೆ ಮಾಡೋದು? ಮೊದಲು ಕಥೆಯನ್ನ ಕನ್ನಡದಲ್ಲೇ ಗೆಳೆಯನಿಗೆ ಹೇಳಿ. ಮಾನ್ವಿ ಕಡೆಯವರಾದ್ರೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಹೊಲಕ್ಕೆ ನೀರು ಬರೋದು ಎಷ್ಟು ಕಷ್ಟ ಅಂತ ಹೇಳಿ. "ಟೇಲ್ ಎಂಡ್" ಅನ್ನೋ ಪದ ಅಲ್ಲಿನ ರೈತರ ಬಾಯಲ್ಲೇ ಇದೆ! ಆಮೇಲೆ ಸುಮಾರು 200 ಪದಗಳಲ್ಲಿ ಸರಳ ಇಂಗ್ಲಿಷಿನಲ್ಲಿ ಬರೀರಿ. ಫೋನಿನಲ್ಲಿ ರೆಕಾರ್ಡ್ ಮಾಡಿ, ಕೇಳಿ. "ಡಿಡ್ ನಾಟ್ ವೆಂಟ್" ಅಂದಿದ್ರೆ ನಿಮ್ಮ ಕಿವಿಗೇ ಬೀಳಬಹುದು. ಅಳಿಸಿ, ಮತ್ತೆ ಹೇಳಿ. ಹತ್ತು ಸಲ ಹೇಳಿದ್ರೆ ಇಪ್ಪತ್ತು ನಿಮಿಷ ಇಂಗ್ಲಿಷ್ ಮಾತಾಡಿದ ಹಾಗಾಯ್ತು, ಅದೂ ಯಾರೂ ನಗದ ಜಾಗದಲ್ಲಿ. ನಾವು ಸಾಫ್ಟ್‌ವೇರ್‌ನೋರು ಕೋಡನ್ನೂ ಹೀಗೇ ತಾನೇ ಸರಿ ಮಾಡೋದು? ರನ್ ಮಾಡು, ನೋಡು, ತಿದ್ದು.

ಆದ್ರೆ ಇಲ್ಲಿಗೇ ನಿಲ್ಲಿಸಿದ್ರೆ ಅದು ಓದೋದಾಗುತ್ತೆ, ಮಾತಾಗಲ್ಲ. ವಿಡಿಯೊ ಮುಗಿದ ಮೇಲೆ ಚೀಟಿ ಪಕ್ಕಕ್ಕಿಟ್ಟು ನಾಲ್ಕು ಜನರ ಮುಂದೆ ಅದೇ ಕಥೆ ಹೇಳಿ. ಅವರು ಪ್ರಶ್ನೆ ಕೇಳಲಿ. ನಿಮ್ಮೂರಿನ ನೀರಿನ ಬಗ್ಗೆ ನಿಮಗಿಂತ ಹೆಚ್ಚು ಅವರಿಗೆ ಗೊತ್ತಿರಲ್ಲ, ಹಾಗಾಗಿ ಉತ್ತರ ತಾನಾಗೇ ಬರುತ್ತೆ.

ಮಕ್ಕಳಿಗೆ ಕಲಿಸೋರಿಗೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಇದೆ. 2015ರಲ್ಲಿ ಶುರುವಾಯ್ತು, ಉಚಿತ. ಎಷ್ಟೋ ಕಥೆಗಳು ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ಸಿಗುತ್ತೆ.

ಇವತ್ತು ರಾತ್ರಿ ಒಂದು ಕಥೆ ರೆಕಾರ್ಡ್ ಮಾಡಿ. ಯಾರಿಗೂ ಕಳಿಸಬೇಡಿ, ನೀವೇ ಕೇಳಿ. ನಾಳೆ ಎರಡನೇ ಟೇಕ್.