ನಗರದಿಂದ ಕಡಲೂರಿಗೆ: ಅಗ್ಗದ ನೆಲ, ಸಿಹಿನೀರಿನ ಲೆಕ್ಕ

(ಘಟ್ಟದ ಮೇಲಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಘಟ್ಟದ ಮೇಲೆ ಕುಳಿತು ಕಡಲ ತಡಿಯ ನಿವೇಶನಗಳ ವಿಚಾರವನ್ನು ಏಕೆ ಎತ್ತಬೇಕೆಂಬ ಪ್ರಶ್ನೆ ಇಲ್ಲಿ ನೆರೆದವರಲ್ಲಿ ಕೆಲವರಿಗಾದರೂ ಬಂದಿರಬಹುದು. ಬೆಂಗಳೂರಿನಲ್ಲಿ ದುಡಿಯುವ ಕುಟುಂಬವೊಂದು ಕುಮಟೆಯಲ್ಲೋ ಗೋಕರ್ಣದಲ್ಲೋ ಮನೆ ಮಾಡಿದರೆ ಶಿರಸಿ, ಸಿದ್ದಾಪುರಗಳ ತೋಟಿಗರಿಗೆ ಆಗುವುದೇನು? ಆ ಮನೆಯ ಬಾವಿಯ ನೀರಿಗೂ ಈ ಬೆಟ್ಟದ ಹಳ್ಳಕ್ಕೂ ಇರುವ ನಂಟನ್ನು ಅರಿತರೆ ಪ್ರಶ್ನೆಗೆ ಉತ್ತರ ದೊರೆಯುತ್ತದೆ.

ಮಹಾನಗರವನ್ನು ತೊರೆಯುವವರ ಕಾರಣಗಳನ್ನು ಹಗುರವಾಗಿ ಕಾಣಬಾರದು. 2020ರ ಮಾರ್ಚ್‌ನಲ್ಲಿ ದೇಶವೆಲ್ಲ ಲಾಕ್‌ಡೌನಿಗೆ ಒಳಗಾದಾಗ, ಊರು ಯಾವುದಾದರೂ ಸಂಬಳ ಬರುತ್ತದೆ ಎಂಬುದು ಕಂಪ್ಯೂಟರ್ ಮುಂದೆ ಕುಳಿತು ದುಡಿಯುವ ಅಸಂಖ್ಯ ಕುಟುಂಬಗಳಿಗೆ ಮೊದಲ ಬಾರಿ ಅನುಭವಕ್ಕೆ ಬಂದಿತು. ಮುಂದೆ ಅನೇಕ ಕಚೇರಿಗಳು ತಮ್ಮವರನ್ನು ಮರಳಿ ಕರೆದವು. ಆದರೆ ಮನಸ್ಸಿನಲ್ಲಿ ಬಿದ್ದ ಬೀಜ ಒಣಗಲಿಲ್ಲ. ಬಾಡಿಗೆಯ ಏರಿಕೆ, ರಸ್ತೆಯಲ್ಲಿ ಕಳೆದುಹೋಗುವ ದಿನದ ಎರಡು ಮೂರು ತಾಸು, ಮಕ್ಕಳ ಕೆಮ್ಮು, ಇವೆಲ್ಲ ಅದಕ್ಕೆ ನೀರೆರೆದವು. 2024ರ ಬೇಸಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಸಾಲುಸಾಲಾಗಿ ಒಣಗಿ, ಅನೇಕ ಬಡಾವಣೆಗಳು ಟ್ಯಾಂಕರಿನ ದಾರಿ ಕಾಯುವಂತಾದಾಗ, ಊರು ಬಿಡುವ ಮಾತು ಮನೆಮನೆಯಲ್ಲಿ ಕೇಳಿಬಂದುದು ಸಹಜವೇ. ಸುಮಾರು 100 ಕಿ.ಮೀ. ದೂರದ ಕಾವೇರಿಯನ್ನು ಪಂಪುಗಳಿಂದ ಮೇಲೆತ್ತಿ ತಂದು ಕುಡಿಯುವ ನಗರವದು.

ಅಲ್ಲಿಂದ ಹೊರಟವರ ಕಣ್ಣಿಗೆ ಕರಾವಳಿ ಬೀಳುವುದಕ್ಕೂ ಕಾರಣಗಳಿವೆ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಂಡಿತು. ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾಗತೊಡಗಿತು. ಅಂತರಜಾಲ ಹಳ್ಳಿಗೂ ಬಂದಿತು. ಕುಂದಾಪುರ, ಹೊನ್ನಾವರ, ಕುಮಟಾ, ಅಂಕೋಲಾ, ಕಾರವಾರಗಳಲ್ಲಿ ಮನೆಬಾಡಿಗೆ ಬೆಂಗಳೂರಿಗಿಂತ ಬಹಳ ಕಡಿಮೆ. ತಾಜಾ ಮೀನು, ತೆಂಗು, ಕೆಂಪಕ್ಕಿ, ಕಿಟಕಿಯಾಚೆ ಅಲೆಯ ಸದ್ದು. ಇಷ್ಟು ದೊರೆಯುವಾಗ ಅಗ್ಗವೆನಿಸದೆ ಇರುವುದೆಂತು?

ಆದರೆ ಅಗ್ಗವೆಂಬುದು ನೆಲದ ಗುಣವಲ್ಲ, ಎರಡು ದುಡಿಮೆಗಳ ನಡುವಿನ ಅಂತರ. ಮಹಾನಗರದ ಸಂಬಳದವನಿಗೆ ಅಗ್ಗವಾದ ಗುಂಟೆ ಜಾಗ ದೋಣಿಯಲ್ಲಿ ದುಡಿಯುವವನಿಗೆ, ಅಂಗನವಾಡಿ ಕಾರ್ಯಕರ್ತೆಗೆ ಎಂದೂ ಅಗ್ಗವಾಗಿರಲಿಲ್ಲ. ಹೊಸ ಕೊಳ್ಳುಗ ಬಂದ ಮೇಲಂತೂ ಅದು ಅವರ ಕೈಗೆ ಎಟುಕದು. ಬಾಡಿಗೆಗೆ ಕೊಡುತ್ತಿದ್ದ ಮನೆ ಹೋಂ ಸ್ಟೇ ಆದಾಗ ಊರಿನ ಶಾಲೆಗೆ ವರ್ಗವಾಗಿ ಬಂದ ಶಿಕ್ಷಕರಿಗೆ ಮನೆ ಸಿಗುವುದಿಲ್ಲ. ನೆರೆಯ ಗೋವೆಯನ್ನು ನೋಡಿದರೆ ಈ ದಾರಿಯ ಕೊನೆ ಕಾಣುತ್ತದೆ. 2011ರ ಜನಗಣತಿಯಲ್ಲಿಯೇ ಅಲ್ಲಿನ ಮನೆಗಳಲ್ಲಿ ಸುಮಾರು ಐದಕ್ಕೊಂದು ಬೀಗ ಹಾಕಿದ ಖಾಲಿ ಮನೆಯಾಗಿತ್ತು. ವಾಸಕ್ಕಿಲ್ಲದ ಮನೆಗಳಿರುವ ನಾಡಿನಲ್ಲಿಯೇ ಸ್ಥಳೀಯ ಯುವಕರು ಸೂರಿಗಾಗಿ ಪರದಾಡುವ ವಿಪರ್ಯಾಸವದು.

ಕಾನೂನಿನ ಬಾಗಿಲೂ ಈ ಕಾಲದಲ್ಲಿಯೇ ತೆರೆಯಿತು. 1961ರ ಕರ್ನಾಟಕ ಭೂಸುಧಾರಣಾ ಕಾಯಿದೆಯ 79-ಎ ಮತ್ತು 79-ಬಿ ಕಲಮುಗಳು, ಕೃಷಿಕರಲ್ಲದವರು ಹಾಗೂ ನಿಗದಿತ ಮಿತಿಗಿಂತ ಹೆಚ್ಚಿನ ಕೃಷಿಯೇತರ ಆದಾಯವುಳ್ಳವರು ಸಾಗುವಳಿ ಭೂಮಿಯನ್ನು ಕೊಳ್ಳದಂತೆ ತಡೆದಿದ್ದವು. ಆದಾಯದ ಮಿತಿಯನ್ನು 2015ರಲ್ಲಿ 25 ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. 2020ರ ತಿದ್ದುಪಡಿ ಆ ಕಲಮುಗಳನ್ನೇ ಕಿತ್ತುಹಾಕಿತು. ಸಮುದ್ರದ ಕಡೆಯಿಂದಲೂ ಇಂತಹುದೇ ಸಡಿಲಿಕೆಯಾಯಿತು. 2011ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಂತೆ ಗ್ರಾಮೀಣ ತೀರದಲ್ಲಿ ಭರತರೇಖೆಯಿಂದ 200 ಮೀಟರ್‌ವರೆಗೆ ಹೊಸ ನಿರ್ಮಾಣಕ್ಕೆ ನಿರ್ಬಂಧವಿತ್ತು. 2019ರ ಅಧಿಸೂಚನೆ, ಚದರ ಕಿ.ಮೀ.ಗೆ 2161ಕ್ಕಿಂತ ಹೆಚ್ಚು ಜನರಿರುವ ಗ್ರಾಮಗಳಲ್ಲಿ ಅದನ್ನು 50 ಮೀಟರಿಗೆ ಇಳಿಸಿತು. ಅಳಿವೆ ಮತ್ತು ಉಬ್ಬರದ ನೀರು ನುಗ್ಗುವ ಹೊಳೆಗಳ ದಡದಲ್ಲಿಯೂ 100 ಮೀಟರಿನ ಗಡಿ 50ಕ್ಕೆ ಬಂದಿತು. ಕಡಲಿಗೆ ಈ ಅಧಿಸೂಚನೆಗಳು ತಲುಪಿದಂತೆ ತೋರುವುದಿಲ್ಲ. ಉಳ್ಳಾಲದಲ್ಲಿ ಅದು ದಡವನ್ನು ಕೊರೆಯುತ್ತಲೇ ಬಂದಿದೆ.

ಇನ್ನು ನೀರಿನ ವಿಚಾರ. ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಇಷ್ಟು ಮಳೆಯ ನಾಡಿನಲ್ಲಿ ನೀರಿಗೇನು ಬರ ಎಂದು ಹೊಸದಾಗಿ ಬಂದವರು ಭಾವಿಸುವುದುಂಟು. ಆದರೆ ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಬಿದ್ದು, ಜಂಬಿಟ್ಟಿಗೆಯ ರಂಧ್ರಗಳಲ್ಲಿ ಇಳಿದು, ಕೆಲವೇ ತಿಂಗಳಲ್ಲಿ ಸಮುದ್ರ ಸೇರುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಅದೇ ಊರುಗಳಲ್ಲಿ ಪಂಚಾಯತಿಯ ಟ್ಯಾಂಕರ್ ಓಡಾಡುತ್ತದೆ.

ತೀರದ ಬಾವಿಯಲ್ಲಿರುವ ಸಿಹಿನೀರು ವಾಸ್ತವವಾಗಿ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ನಲವತ್ತರಲ್ಲಿ ಒಂದು ಪಾಲಿನಷ್ಟು ಹೆಚ್ಚು ಭಾರ. ಆದ್ದರಿಂದ ಸಮುದ್ರ ಮಟ್ಟಕ್ಕಿಂತ ಒಂದು ಅಡಿ ಎತ್ತರಕ್ಕೆ ಸಿಹಿನೀರು ನಿಂತಿದ್ದರೆ, ಮಟ್ಟದ ಕೆಳಗೆ ಸರಿಸುಮಾರು ನಲವತ್ತು ಅಡಿಯ ಆಳದವರೆಗೆ ಅದು ಉಪ್ಪನ್ನು ಒತ್ತಿ ಹಿಡಿದಿರುತ್ತದೆ. ಈ ತತ್ತ್ವವನ್ನು 19ನೆಯ ಶತಮಾನದ ಕೊನೆಯಲ್ಲಿ ಡಚ್ಚರ ಸೇನಾ ಎಂಜಿನಿಯರ್ ಘೈಬೆನ್, ಅನಂತರ 1901ರಲ್ಲಿ ಜರ್ಮನಿಯ ಹರ್ಜ್‌ಬರ್ಗ್ ಬೇರೆಬೇರೆಯಾಗಿ ಕಂಡುಕೊಂಡರು. ಮರಳು ನೆಲದಲ್ಲಿ ಲೆಕ್ಕ ಹೆಚ್ಚು ಸರಿಯಾಗಿ ಕೂಡುತ್ತದೆ, ಬಿರುಕುಬಿಟ್ಟ ಬಂಡೆಯಲ್ಲಿ ಏರುಪೇರಾಗುತ್ತದೆ. ಆದರೂ ಅದರ ತಿರುಳನ್ನು ತೀರದ ಪ್ರತಿಯೊಬ್ಬರೂ ತಿಳಿದಿರಬೇಕು. ಮೇಲಿನ ನೀರನ್ನು ಒಂದು ಅಡಿ ಇಳಿಸಿದರೆ ಕೆಳಗಿನ ಉಪ್ಪು ಕ್ರಮೇಣ ನಲವತ್ತು ಅಡಿ ಮೇಲೇರಲು ಎಡೆಯಾಗುತ್ತದೆ.

ಹಿಂದಿನವರು ಈ ಸೂತ್ರವನ್ನು ಓದಿರಲಿಲ್ಲ; ಆದರೆ ಅವರ ಬಾವಿಗಳು ಆಳವಿಲ್ಲದವು, ಅಗಲವಾದವು, ಕೊಡಪಾನದಿಂದ ಎತ್ತುವಷ್ಟೇ ನೀರು ಹೊರಬರುತ್ತಿತ್ತು. ನಗರದಿಂದ ಬಂದ ಮನೆಗೆ ಮೂರು ಬಚ್ಚಲು, ಹುಲ್ಲುಹಾಸು, ಕೆಲವೊಮ್ಮೆ ಈಜುಕೊಳವೂ ಬೇಕು. ಅದಕ್ಕಾಗಿ ಕೊಳವೆಬಾವಿ ಕೊರೆದು ದಿನವಿಡೀ ಪಂಪು ಓಡಿಸಿದಾಗ ಮೊದಲು ಉಪ್ಪಾಗುವುದು ಆ ಮನೆಯ ನೀರೇ ಆಗಿರಬೇಕೆಂದಿಲ್ಲ. ಪಕ್ಕದ ಕೇರಿಯ ಹತ್ತು ಮನೆಗಳ ತೆರೆದ ಬಾವಿಯೂ ಆಗಬಹುದು. ಒಮ್ಮೆ ಉಪ್ಪಾದ ಬಾವಿ ಒಂದು ಮಳೆಗಾಲದಲ್ಲಿ ತಿಳಿಯಾಗುವ ಭರವಸೆಯಿಲ್ಲ. ಮರಳುನೆಲದಲ್ಲಿ ಪಾಯಿಖಾನೆಯ ಗುಂಡಿಯ ನೀರು ಬಾವಿಯನ್ನು ಸೇರುವುದೂ ಅಷ್ಟೇ ಸುಲಭ. ಕ್ರಯಪತ್ರದಲ್ಲಿ ಗುಂಟೆಯ ಬೆಲೆ ಇರುತ್ತದೆ, ನೆರೆಯವರ ಬಾವಿಯ ಬೆಲೆ ಇರುವುದಿಲ್ಲ. ಕಡಲೂರಿನ ಅಗ್ಗದಲ್ಲಿ ಬಹುಭಾಗ ಹೀಗೆ ಲೆಕ್ಕಕ್ಕೆ ಸೇರದೆ ಉಳಿದ ಬೆಲೆಯೇ ಆಗಿದೆ.

ಆ ಸಿಹಿನೀರಿನ ಒಂದು ಮುಖ್ಯ ಮೂಲ ಘಟ್ಟದ ಮೇಲಿದೆ. ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ದೊಡ್ಡ ಅಣೆಕಟ್ಟುಗಳ ತಡೆಯಿಲ್ಲದೆ ಕಡಲಿಗೆ ಹರಿಯುವ ಅಘನಾಶಿನಿಯ ನೀರೇ ಮರಾಕಲ್ ಯೋಜನೆಯ ಮೂಲಕ ಕುಮಟಾ, ಹೊನ್ನಾವರಗಳ ನಲ್ಲಿಗಳಲ್ಲಿ ಬರುತ್ತದೆ. ಬೇಸಗೆಯಲ್ಲಿ ಆ ನದಿ ಹರಿಯುವುದು ಮಳೆಯಿಂದಲ್ಲ, ಮಲೆನಾಡಿನ ಕಾಡು, ಸೊಪ್ಪಿನ ಬೆಟ್ಟ, ಜೌಗು ನೆಲಗಳು ಹಿಡಿದಿಟ್ಟು ನಿಧಾನವಾಗಿ ಬಿಟ್ಟುಕೊಡುವ ಒರತೆಯಿಂದ. ಬೆಟ್ಟ ಬೋಳಾದರೆ ಮೇ ತಿಂಗಳ ಹೊಳೆ ಸಣ್ಣದಾಗುತ್ತದೆ. ಹೊಳೆ ಸಣ್ಣದಾದಷ್ಟೂ ಉಬ್ಬರದ ಉಪ್ಪು ಒಳನಾಡಿನತ್ತ ಏರಿಬರುತ್ತದೆ. ಅದೇ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಸೊಂಟದ ನೀರಿನಲ್ಲಿ ನಿಂತು ಬಳಚು ಆಯುವವರ ಬದುಕಿದೆ. ಗಜನಿಯಲ್ಲಿ ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತವಿದೆ. ಉಪ್ಪು ಸಿಹಿಗಳ ಹದ ತಪ್ಪಿದರೆ ಇವು ಉಳಿಯವು. 2024ರಲ್ಲಿ ಅಘನಾಶಿನಿ ಅಳಿವೆಯ 4801 ಹೆಕ್ಟೇರ್ ಪ್ರದೇಶ ರಾಮ್ಸಾರ್ ಪಟ್ಟಿಗೆ ಸೇರಿದೆ. ಮನ್ನಣೆ ದೊಡ್ಡದು, ಆದರೆ ಗಜನಿಗೆ ಮಣ್ಣು ತುಂಬುವ ಲಾರಿಯನ್ನು ನಿಲ್ಲಿಸಬೇಕಾದವರು ಊರವರೇ.

ಇಲ್ಲಿ ಒಂದು ವಿಚಿತ್ರವನ್ನು ನೆನೆಯಬಹುದು. 2019ರಲ್ಲಿ ಲಿಂಗನಮಕ್ಕಿಯಿಂದ ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾವ ಬಂದಾಗ ಮಲೆನಾಡು ಒಂದಾಗಿ ಪ್ರತಿಭಟಿಸಿತು. ನೀರು ನಗರಕ್ಕೆ ಹೋಗಲಿಲ್ಲ. ಈಗ ನಗರವೇ ಶರಾವತಿಯ ಕೊನೆಯ ಊರಾದ ಹೊನ್ನಾವರಕ್ಕೆ ನೀರಿದ್ದಲ್ಲಿಗೆ ಬರುತ್ತಿದೆ. ಇದನ್ನು ಸೋಲೆನ್ನಬೇಕಿಲ್ಲ. ಮನುಷ್ಯರು ನೀರನ್ನು ಅರಸಿ ಹೋಗುವುದು, ನೀರನ್ನು ಬೆಟ್ಟ ಹತ್ತಿಸಿ ಮನುಷ್ಯರಿದ್ದಲ್ಲಿಗೆ ಒಯ್ಯುವುದಕ್ಕಿಂತ ಪ್ರಕೃತಿಗೆ ಹತ್ತಿರವಾದ ಕ್ರಮ. ಬಂದವರು ಹೇಗೆ ಬದುಕುತ್ತಾರೆ ಎಂಬುದಷ್ಟೇ ಪ್ರಶ್ನೆ.

ಬರುವವರಲ್ಲಿ ಹೆಚ್ಚಿನವರು ಡಿಸೆಂಬರ್, ಜನವರಿಯ ರಜೆಯಲ್ಲಿ ಜಾಗ ನೋಡುತ್ತಾರೆ. ಆಗ ಮರಳದಂಡೆ ಅಗಲವಾಗಿರುತ್ತದೆ, ಕಡಲು ಸೌಮ್ಯವಾಗಿರುತ್ತದೆ. ಮಳೆಗಾಲದ ಅಲೆಗಳು ಆ ಮರಳನ್ನು ಒಳಗೆ ಎಳೆದೊಯ್ದು, ಮಳೆ ನಿಂತ ಮೇಲೆ ಮರಳಿ ತಂದು ಹಾಕುವುದು ವರ್ಷವರ್ಷದ ವ್ಯವಹಾರ. ಅದನ್ನು ಅರಿಯದೆ ಮನೆ ಕಟ್ಟಿದವರು ಜೂನ್‌ನಲ್ಲಿ ಕಲ್ಲು ತಂದು ಸುರಿಯಲು ಸರಕಾರವನ್ನು ಬೇಡುತ್ತಾರೆ. ಉಪ್ಪುಗಾಳಿ ಕಿಟಕಿಯ ಸರಳನ್ನು ತಿನ್ನುತ್ತದೆ, ಆಷಾಢದಲ್ಲಿ ಗೋಡೆ ಬಟ್ಟೆಗಳಿಗೆಲ್ಲ ಬೂಷ್ಟು ಹಿಡಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ತಾಜಾ ಮೀನು ಅಪರೂಪವಾಗಿ, ಬೆಲೆಯೂ ಏರುತ್ತದೆ. ಇವು ಸಹಿಸಬಹುದಾದ ಕಷ್ಟಗಳು. ಸಹಿಸಲಾಗದ್ದು ಆಸ್ಪತ್ರೆಯ ದೂರ. ಉತ್ತರ ಕನ್ನಡದ ಗಂಭೀರ ರೋಗಿಗಳನ್ನು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವೆಗಳಿಗೆ ಒಯ್ಯಬೇಕಾಗಿ ಬಂದು, 2022ರಲ್ಲಿ ಸುಸಜ್ಜಿತ ಆಸ್ಪತ್ರೆಗಾಗಿ ಜಿಲ್ಲೆಯಾದ್ಯಂತ ಕೂಗೆದ್ದಿತು. ನಿವೃತ್ತರಾಗಿ ಕಡಲ ತಡಿಗೆ ಬರುವ ಹಿರಿಯರು ಮೊದಲು ಕೇಳಬೇಕಾದುದು ಗುಂಟೆಯ ದರವನ್ನಲ್ಲ, ಈ ದೂರವನ್ನು. ಆ ದೂರವನ್ನು ಕ್ರಮಿಸುವ ಹೆದ್ದಾರಿಯೂ ನಿಶ್ಚಿಂತೆಯದಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯನ್ನೂ ಅಂಚಿನ ಅಂಗಡಿಯನ್ನೂ ಗಂಗಾವಳಿ ನದಿಗೆ ತಳ್ಳಿತು. ಹಲವರು ಪ್ರಾಣ ಕಳೆದುಕೊಂಡರು.

ಮರಳದಂಡೆ ನೋಡುವವರಿಗೆ ಖಾಲಿ ಜಾಗವಾಗಿ ಕಾಣುತ್ತದೆ. ಅದು ಮೀನು ಒಣಗಿಸುವ ಅಂಗಳ, ಬಲೆ ಹೆಣೆಯುವ ಜಗಲಿ, ದೋಣಿ ಎಳೆದಿಡುವ ಕೊಟ್ಟಿಗೆ. ಖಾರ್ವಿ, ಹರಿಕಂತ್ರ, ಅಂಬಿಗ, ಮೊಗವೀರ ಕುಟುಂಬಗಳು ತಲೆಮಾರುಗಳಿಂದ ಬಳಸಿದ ಇಂತಹ ನೆಲಕ್ಕೆ ಅನೇಕ ಕಡೆ ಹಕ್ಕುಪತ್ರವೇ ಇಲ್ಲ. ಹಿಂದೆ ಇಡೀ ಕೇರಿ ಕೂಡಿ ರಂಪಣಿ ಎಳೆಯುತ್ತಿದ್ದಾಗ ದಂಡೆ ಯಾರದೆಂಬ ಪ್ರಶ್ನೆ ಏಳುತ್ತಿರಲಿಲ್ಲ. ತಂತಿಬೇಲಿ ಬಂದಾಗ ಮೊದಲು ಮುಚ್ಚುವುದು ಪಹಣಿಯಲ್ಲಿ ಇಲ್ಲದ, ಕೇರಿಯಿಂದ ಕಡಲಿಗೆ ಇಳಿಯುವ ಕಾಲುದಾರಿ. ಒಣಮೀನಿನ ವಾಸನೆಯ ಬಗ್ಗೆ ಪಂಚಾಯತಿಗೆ ದೂರು ಕೊಡುವವರು ಯಾರ ಅಂಗಳದಲ್ಲಿ ತಾವು ಮನೆ ಕಟ್ಟಿದ್ದೇವೆಂದು ಒಮ್ಮೆ ವಿಚಾರಿಸಬೇಕು.

ಹಾಗೆಂದು ಬಂದವರನ್ನೆಲ್ಲ ಶತ್ರುಗಳೆಂದು ಕಾಣುವುದು ತರವಲ್ಲ. ಬರುವವರಲ್ಲಿ ಈ ಜಿಲ್ಲೆಯ ಮಕ್ಕಳೂ ಇದ್ದಾರೆ. ಇಪ್ಪತ್ತು ವರ್ಷ ನಗರದಲ್ಲಿ ದುಡಿದು ಘಟ್ಟದ ಕೆಳಗೆ ನೆಲೆಸಬಯಸುವವರು. ಹೊಸಬರು ಬಂದುದರಿಂದ ಮಕ್ಕಳಿಲ್ಲದೆ ಮುಚ್ಚಬೇಕಾದ ಶಾಲೆ ಉಳಿಯಬಹುದು, ಗ್ರಾಮಸಭೆಯಲ್ಲಿ ಕಡತ ಓದಬಲ್ಲವರ ಸಂಖ್ಯೆ ಹೆಚ್ಚಬಹುದು. ಅವರಿಂದ ಊರು ಕೇಳಬಹುದಾದ ನಡವಳಿಕೆ ಕಠಿಣವಾದುದಲ್ಲ. ಮೊದಲು ಬಾಡಿಗೆಗೆ ಇದ್ದು ಒಂದು ಪೂರ್ತಿ ಮಳೆಗಾಲವನ್ನೂ ಒಂದು ಮೇ ತಿಂಗಳನ್ನೂ ಕಳೆಯಬೇಕು. ಕೊಳ್ಳುವುದೇ ಆದರೆ ಹಳೆಯ ಮನೆಯನ್ನು ಕೊಂಡು ದುರಸ್ತಿ ಮಾಡಿಸಬೇಕು, ಗದ್ದೆಯನ್ನು ಬಿನ್‌ಶೇತ್ಕಿ ಮಾಡಿಸಿ ಮಣ್ಣು ಸುರಿಯಬಾರದು. ತೆರೆದ ಬಾವಿಯಲ್ಲಿ ತೃಪ್ತರಾಗಿ, ಮಾಡಿನ ಮಳೆನೀರನ್ನು ಸೋಸಿ ಅದಕ್ಕೇ ಇಳಿಸಬೇಕು. ಕಾಲುದಾರಿಯನ್ನು ಬಿಡಬೇಕು.

ಊರಿನ ಕಡೆಯಿಂದಲೂ ಆಗಬೇಕಾದ ಕೆಲಸವಿದೆ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಗ್ರಾಮ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲೆ ಸಿದ್ಧವಾಗಬೇಕು. ಬಹಳ ಕಡೆ ಅದು ಕಪಾಟಿನಲ್ಲಿ ಮಲಗಿದೆ. ಬಳಚಿನ ದಿಬ್ಬ, ಕಾಂಡ್ಲ, ಮೀನು ಒಣಗಿಸುವ ಜಾಗ, ಕುಡಿಯುವ ಬಾವಿ ಇವೆಲ್ಲ ಅದರಲ್ಲಿ ಸರ್ವೆ ನಂಬರಿನೊಡನೆ ದಾಖಲಾದರೆ ಕಟ್ಟಡದ ಪರವಾನಗಿ ಬಂದಾಗ ಆಡಲು ಆಧಾರ ದೊರೆಯುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸವನ್ನು ಇಲ್ಲಿಂದಲೇ ವಹಿಸಬಹುದು. ಘಟ್ಟದ ಮೇಲಿನ ಒಂದು ಶಾಲೆ, ಅದೇ ನದಿಯ ಅಳಿವೆಯ ಬಳಿಯ ಒಂದು ಶಾಲೆ, ಇವೆರಡೂ ಜೊತೆಯಾಗಲಿ. ಫೆಬ್ರವರಿಯಿಂದ ಮೇ ಕೊನೆಯವರೆಗೆ ಹದಿನೈದು ದಿನಕ್ಕೊಮ್ಮೆ ಮೇಲಿನವರು ಹಳ್ಳದ ನೀರಿನ ಆಳವನ್ನು, ಕೆಳಗಿನವರು ಹತ್ತು ಬಾವಿಗಳ ನೀರಿನ ಮಟ್ಟವನ್ನೂ ಟಿ.ಡಿ.ಎಸ್. ಮಾಪಕದಿಂದ ಅದರಲ್ಲಿ ಕರಗಿದ ಲವಣವನ್ನೂ ಅಳೆದು ಬರೆದಿಡಲಿ. ಕುಡಿಯುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಮ್ ಮೀರಬಾರದೆಂಬುದು ಭಾರತೀಯ ಮಾನಕ ಬ್ಯೂರೋದ ಮಿತಿ. ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ. ಅಳತೆ ಬೆಳಗಿನ ಮೊದಲ ಕೊಡ ಎತ್ತುವ ಮುನ್ನ ಆಗಬೇಕು, ಬಾವಿಯ ಸಮೀಪ ಹೊಸ ಕೊಳವೆಬಾವಿ ಬಂದಿದ್ದರೆ ಅದರ ದಿನಾಂಕವನ್ನೂ ಪಕ್ಕದಲ್ಲಿ ಬರೆಯಬೇಕು. ಮಳೆ ಹಿಡಿಯುವ ಮೊದಲು ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ, ನಡಾವಳಿ ಪುಸ್ತಕಕ್ಕೆ ಸೇರಿಸಿ ಅಧ್ಯಕ್ಷರ ಸಹಿ ಪಡೆಯತಕ್ಕದ್ದು.