ತಂತಿಯೇ ತಿನ್ನುವ ವಿದ್ಯುತ್ತು
(ದೊಡ್ಡಗದ್ದವಳ್ಳಿಯ ರೈತರ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಮಣ್ಣಿನ ವಿಷಯ ಮಾತನಾಡಬೇಕಾದವನು ಇಂದು ವಿದ್ಯುತ್ತಿನ ಲೆಕ್ಕ ಹಿಡಿದು ನಿಂತಿದ್ದೇನೆ. ಕಾರಣವಿದೆ. ಕಳೆದ ತಿಂಗಳು ನಮ್ಮ ಕೊಟ್ಟಿಗೆಯಲ್ಲಿ ಸುಟ್ಟ ವಾಸನೆ ಬಂದಿತು. ಮನೆಯ ಮೀಟರ್ ಬೋರ್ಡಿನಿಂದ ಅಲ್ಲಿಗೆ ಎಳೆದಿದ್ದ ತಂತಿಯ ಒಂದು ಜೋಡಣೆ ಕಪ್ಪಾಗಿ, ಸುತ್ತಿದ ಟೇಪು ಕರಗಿ ಜೋತುಬಿದ್ದಿತ್ತು. ಮೊಳದಾಚೆಗೆ ಒಣಹುಲ್ಲಿನ ರಾಶಿ. ವೋಲ್ಟೇಜು ಸಾಲದೆಂದು ವರ್ಷವಿಡೀ ಲೈನನ್ನು ದೂರುತ್ತಿದ್ದೆ. ದೋಷವಿದ್ದುದು ನಾನೇ ಎಳೆಸಿದ ತಂತಿಯಲ್ಲಿ.

ಇಲ್ಲಿನ ಲಕ್ಷ್ಮೀದೇವಿ ದೇಗುಲದ ಪಕ್ಕದ ಕೆರೆಯನ್ನೇ ನೋಡಿ. ತೂಬಿನ ಮೇಲೆ ನೀರು ನಿಂತ ಎತ್ತರವು ವೋಲ್ಟೇಜಿನಂತೆ, ಕಾಲುವೆಯಲ್ಲಿ ಹರಿಯುವ ನೀರು ಪ್ರವಾಹದಂತೆ, ಕಾಲುವೆಯ ಇಕ್ಕಟ್ಟು ರೋಧದಂತೆ. ಹೋಲಿಕೆ ಎಲ್ಲೆಡೆ ಸಲ್ಲದು: ಕಾಲುವೆ ಒಡೆದರೆ ನೀರು ಸೋರುತ್ತದೆ, ತಂತಿ ಕಡಿದರೆ ಪ್ರವಾಹವೇ ನಿಲ್ಲುತ್ತದೆ. ಇವುಗಳ ಸಂಬಂಧವನ್ನು ಜರ್ಮನಿಯ ಉಪಾಧ್ಯಾಯ ಓಮ್ 1827ರಲ್ಲಿ ಪ್ರಕಟಿಸಿದನು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಅಂದರೆ ಓಮ್. ಗುಣಿಸಿದರೆ ಶಕ್ತಿ, ಅಂದರೆ ವ್ಯಾಟ್.

ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ, ಕೊಟ್ಟಿಗೆಯಲ್ಲಿ ನೀರು ಕಾಯಿಸುವ ಕಾಯಿಲ್ ಹಾಕಿ ಅಳೆಸಿದೆ. ಕಾಯಿಲ್ ಆರಿಸಿದ್ದಾಗ ಎರಡೂ ತುದಿಯಲ್ಲಿ 230 ವೋಲ್ಟ್. ಇಷ್ಟು ದಿನ ನಾನು ಮೋಸಹೋದದ್ದು ಇಲ್ಲಿಯೇ: ಪ್ರವಾಹವಿಲ್ಲದಿದ್ದರೆ ತಂತಿ ಏನನ್ನೂ ತಿನ್ನುವುದಿಲ್ಲ. ಕಾಯಿಲ್ ಉರಿಸಿದಾಗ ಬೋರ್ಡಿನಲ್ಲಿ 230, ಕೊಟ್ಟಿಗೆಯಲ್ಲಿ 200. ಪ್ರವಾಹ 4 ಆಂಪಿಯರ್. ಕಾಯಿಲಿನ ರೋಧ 200ನ್ನು 4ರಿಂದ ಭಾಗಿಸಿ 50 ಓಮ್. ಅದಕ್ಕೆ ದಕ್ಕಿದ್ದು 800 ವ್ಯಾಟ್. ದಾರಿಯಲ್ಲಿ ಕಳೆದದ್ದು 30 ವೋಲ್ಟ್. ತಂತಿಯ ರೋಧ ಏಳೂವರೆ ಓಮ್, ಪೋಲಾದದ್ದು 120 ವ್ಯಾಟ್. ಮೀಟರು ಮಾತ್ರ 920ನ್ನೂ ಎಣಿಸುತ್ತದೆ.

ಆ 120 ವ್ಯಾಟು ತಂತಿಯುದ್ದಕ್ಕೂ ಹಂಚಿಹೋದರೆ ಮುಟ್ಟಿದರೂ ತಿಳಿಯದು. ಅರ್ಧದಷ್ಟು ಒಂದೇ ಸಡಿಲ ಜೋಡಣೆಯಲ್ಲಿ ಸೇರಿದರೆ, 60 ವ್ಯಾಟಿನ ಬಲ್ಬನ್ನು ಟೇಪಿನೊಳಗೆ ಸುತ್ತಿಟ್ಟಂತೆ.

ಮೋಟಾರಿನ ಕಥೆ ಬೇರೆ. ಅಲ್ಲಿ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಸಾಲದು, ಪವರ್ ಫ್ಯಾಕ್ಟರಿನಿಂದಲೂ ಗುಣಿಸಬೇಕು. ಆದ್ದರಿಂದಲೇ ಪರೀಕ್ಷೆಗೆ ಕಾಯಿಲನ್ನು ಆರಿಸಿಕೊಂಡೆ. ವೋಲ್ಟೇಜು ಕುಗ್ಗಿದರೆ ಕಾಯಿಲ್ ಕಡಿಮೆ ಪ್ರವಾಹ ಎಳೆಯುತ್ತದೆ. ನೀರೆತ್ತುತ್ತಿರುವ ಮೋಟಾರು ಸಾಮಾನ್ಯವಾಗಿ ಹೆಚ್ಚು ಎಳೆಯುತ್ತದೆ. ಅದೇ ತಂತಿಯಲ್ಲಿ 8 ಆಂಪಿಯರ್ ಹರಿದರೆ ನಷ್ಟ ಇಮ್ಮಡಿಯಲ್ಲ, ನಾಲ್ಮಡಿ: 8ನ್ನು 8ರಿಂದ, ಮತ್ತೆ ಏಳೂವರೆಯಿಂದ ಗುಣಿಸಿ, 480 ವ್ಯಾಟ್. ಮೋಟಾರು ಸುಟ್ಟಿತೆಂದು ವೈಂಡಿಂಗ್ ಮಾಡಿಸುವ ನಾವು ತಂತಿಯತ್ತ ತಿರುಗಿ ನೋಡುವುದಿಲ್ಲ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಗಣಿಗಳಿಗೆ 92 ಮೈಲಿ ವಿದ್ಯುತ್ ಸಾಗಿಸಿದವರು ವೋಲ್ಟೇಜನ್ನು ಏರಿಸಿ ಪ್ರವಾಹವನ್ನು ತಗ್ಗಿಸಿದ್ದು ಈ ಲೆಕ್ಕದಿಂದಲೇ. ನಮ್ಮ ಅಂಗಳದಲ್ಲಿ ಆ ಉಪಾಯ ನಡೆಯದು. ನಮಗುಳಿದಿರುವುದು ದಪ್ಪ ತಂತಿ, ಗಿಡ್ಡ ದಾರಿ, ಬಿಗಿಯಾದ ಜೋಡಣೆ. ನಾನು ನಡುವೆ ಜೋಡಣೆಯಿಲ್ಲದ ದಪ್ಪ ತಾಮ್ರದ ತಂತಿ ಹಾಕಿಸಿದೆ. ಈಗ ಕಾಯಿಲ್ ಉರಿದಾಗ ಕಳೆಯುವುದು 7 ವೋಲ್ಟ್.

ಅಳತೆಯನ್ನು ತಾವೇ ಮಾಡಲು ಹೋಗಬೇಡಿ, ಕಂಬವನ್ನಂತೂ ಮುಟ್ಟಬೇಡಿ. ಆ ಎಲೆಕ್ಟ್ರಿಷಿಯನ್ನರು ಇಲ್ಲಿಯೇ ಇದ್ದಾರೆ, ಕ್ಲ್ಯಾಂಪ್ ಮೀಟರೂ ಇದೆ. ಅದರ ಬಾಯಿಗೆ ಒಂದೇ ತಂತಿ ಕೊಡಬೇಕು. ಎರಡನ್ನೂ ಕೊಟ್ಟರೆ ಸೊನ್ನೆ ತೋರಿಸುತ್ತದೆ. ಊಟದ ನಂತರ ಹತ್ತಿರದ ಯಾರ ಕೊಟ್ಟಿಗೆಗೆ ಮೊದಲು ಹೋಗೋಣವೆಂದು ತಿಳಿಸಿ.